ಕೊನೆಯ ಐದಕ್ಷರ

ಕೌಲ್ ಬಜಾರಿನ ಮೂರನೇ ಸಂದಿ,
ಮೆಟ್ಟಿಲ ಮೇಲೆಲ್ಲ ನೀಲಿ ನೂಲಿನ ಧೂಳು.
ರುದ್ರಮುನಿಯವರ ಜೀನ್ಸ್ ಘಟಕದಲ್ಲಿ
ಇಪ್ಪತ್ತೆರಡು ಮಿಷನ್ನು ಓಡುತ್ತವೆ.
ಓಡದ್ದು ಒಂದೇ, ಗಾಜಿನ ಕೋಣೆಯದು.

"ನಿನ್ನೆಯಿಂದ ಬಿಲ್ಲು ಹೋಗವಲ್ದು ನೋಡು.
ಬಿಲ್ಲಿನ ಸಾಫ್ಟ್‌ವೇರಿಗೂ ಆಫೀಸಿಗೂ ಮಾತು ಬಿಟ್ಟೈತಿ."
ಹೌದು, ಬಿಟ್ಟಿದ್ದವು.
ಒಂದೇ ಪಡಸಾಲೆಯಲ್ಲಿ ಎರಡು ಒಲೆ ಹೂಡಿದ ನೆಗೆಣ್ಣಿಯರು,
ಇದು ಕೂಗಿದರೆ ಅದು ಅತ್ತ ಮುಖ.
ನಡುವೆ ಪೆಟ್ಟಿಗೆಯೊಂದು ಮೇಲೆದ್ದು
ಅರ್ಥವಾಗದ ಅಂಕಿ ಹೇಳಿ ಮುಳುಗುತ್ತಿತ್ತು.

ವೈರು ನೋಡಿದೆ, ಮೇಲು ನೋಡಿದೆ, ಪ್ರಿಂಟರಿನ ಹೊಟ್ಟೆ ನೋಡಿದೆ.
ಒಂದು ತಾಸು ಹೋಯಿತು.
ಆಮೇಲೆ ಕಂಡಿತು: ಬಿಲ್ಲಿನದು ಹೋದ ವಾರ ಬಂದದ್ದು, ಅರವತ್ನಾಲ್ಕು ಬಿಟ್,
ಹಳೆಯ ಆಫೀಸು ಇನ್ನೂ ಮೂವತ್ತೆರಡು.
ಬಾಗಿಲಲ್ಲಿ ದಾರ ಕಡಿಯುತ್ತಿದ್ದ ಮಸ್ತಾನ್‌ಬೀ ನಕ್ಕಳು:
"ಅರವತ್ನಾಲ್ಕರ ಸೊಂಟಕ್ಕ ಮೂವತ್ತೆರಡರ ಪಟ್ಟಿ
ಹೆಂಗ ಕೂಡತೈತಿ ತಂಗಿ? ಬಿಚ್ಚು."
ಆರು ತಿಂಗಳ ಕೋರ್ಸಿನಲ್ಲಿ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಬಿಚ್ಚುವ ಮುಂಚೆ ಬಾಲ ನೋಡಿಟ್ಟುಕೊಂಡೆ.
ಕೀಲಿಯ ಇಪ್ಪತ್ತೈದರಲ್ಲಿ
ಕೊನೆಯ ಐದನ್ನಷ್ಟೇ ತೋರಿಸುತ್ತದೆ ಯಂತ್ರ,
ಮಿಕ್ಕದ್ದು ಸೆರಗಿನೊಳಗೆ.
ಡಿ, ಮೂರು, ಜಿ, ಒಂಬತ್ತು, ಆರ್.
ಅಂಗೈಯಲ್ಲಿ ಬರೆದುಕೊಂಡೆ.
ಬಿಚ್ಚಿದೆ. ಅರವತ್ನಾಲ್ಕರದು ಹಚ್ಚಿದೆ.
ಅದು ಹೊಸ್ತಿಲಲ್ಲೇ ನಿಂತು ಕೇಳಿತು: ಕೀಲಿ?

ಡಬ್ಬಿ ಗೋದಾಮಿನಲ್ಲಿ, ಅಂದರೆ ಇಲಿಯ ಹೊಟ್ಟೆಯಲ್ಲಿ.
ಸಿಡಿಯನ್ನು ಪಾರಿವಾಳ ಓಡಿಸಲೆಂದು ಕಿಟಕಿಗೆ ಕಟ್ಟಿದ್ದರು,
ಗಿರ್ರನೆ ತಿರುಗುತ್ತ ಗೋಡೆಗೆ ಕಾಮನಬಿಲ್ಲು ಒಗೆಯುತ್ತಿತ್ತು.
ಸಿಪಿಯು ಬೆನ್ನಿನ ಚೀಟಿಯನ್ನು
ಆರು ವರ್ಷದ ಧೂಳು ಉಜ್ಜಿ ಉಜ್ಜಿ
ಸ್ಟೋನ್‌ವಾಶ್ ಮಾಡಿಬಿಟ್ಟಿತ್ತು.

"ಎರ್ರಿಸ್ವಾಮಿಗೆ ಗೊತ್ತಿರ್ತೈತಿ," ಎಂದಳು ಮಸ್ತಾನ್‌ಬೀ.
ಮಾಲೀಕರು ಫ್ಯಾನು ನೋಡಿದರು.
ಲೆಕ್ಕದಲ್ಲಿ ನಲವತ್ತು ಪ್ಯಾಂಟು ಕಮ್ಮಿ ಬಂದ ದಿನ
ಅವನನ್ನು ಈ ಕುರ್ಚಿಯಿಂದಲೇ ಎಬ್ಬಿಸಿ ಕಳಿಸಿದ್ದರು.
ಪ್ಯಾಂಟು ಆಮೇಲೆ ವಾಶಿಂಗ್ ಡ್ರಮ್ಮಿನ ಹಿಂದೆ ಸಿಕ್ಕವು.
ಅವನಿಗೆ ಯಾರೂ ಹೇಳಿರಲಿಲ್ಲ.

ನನ್ನ ಫೋನಿನಿಂದ ಹಚ್ಚಿದೆ, ಸ್ಪೀಕರ್ ಹಾಕಿದೆ.
"ಯಾರು, ಹುಲಿಗೆಮ್ಮನಾ? ಆ ಕೀಲಿನಾ? ಪೆನ್ನು ಹಿಡಿ.
ಕರೆಂಟು ಹೋದಾಗೊಮ್ಮೆ ಸತ್ತು ಹುಟ್ತಿತ್ತು ಅದು,
ಹನ್ನೊಂದು ಸಲ ಹಾಕೀನಿ, ಬಾಯಿಪಾಠ.
ಬಿ, ಡಿ, ಪಿ ಫೋನಿನ್ಯಾಗ ಒಂದೇ ಕೇಳ್ತಾವು,
ಊರು ಹೇಳ್ತೀನಿ, ಮೊದಲಕ್ಷರ ಬರಕೋ.
ಕಂಪ್ಲಿ. ಏಳು. ತೆಕ್ಕಲಕೋಟೆ. ಮೋಕಾ. ಹೊಸಪೇಟೆ.
ಗೆರೆ ಎಳಿ.
ಕುಡತಿನಿ... ಅಲ್ಲಲ್ಲ, ಕುರುಗೋಡು...
ಎರಡೂ ಒಂದೇ ಅಲ್ಲೇನು, ಬರಿ."
ಹೊಗೆಯುಗುಳುವ ಬಸ್ಸೊಂದು
ಅಕ್ಷರಕ್ಕೊಬ್ಬರನ್ನು ಇಳಿಸುತ್ತ ಹೋಯಿತು.
"ಎಂಟನ್ನ ಬಿ ಅಂತ ಓದಬ್ಯಾಡ ಮತ್ತ."
ಅವನ ಕಡೆಯಿಂದಲೂ ಮಿಷನ್ನಿನ ಸದ್ದು.
ಬೇರೆ ಯಾರದೋ ಘಟಕ, ಅದೇ ಹೊಲಿಗೆ.
ಕೊನೆಗೆ, ನಿಧಾನಕ್ಕೆ:
"ದರೋಜಿ. ಮೂರು. ಗಾದಿಗನೂರು. ಒಂಬತ್ತು. ರೂಪನಗುಡಿ."
ಅಂಗೈ ಬಿಚ್ಚಿದೆ.
ಬೆವರಿಗೆ ಅರ್ಧ ಅಳಿಸಿತ್ತು, ಆದರೂ ಅವೇ.

"ಮಾಲೀಕರು ಅದಾರೇನು ಅಲ್ಲಿ?"
ಇಲ್ಲ ಎಂದು ಕೈಯಾಡಿಸಿದರು ಅವರು,
ನನ್ನ ಬೆನ್ನಿಗೇ ನಿಂತುಕೊಂಡು.
"ಇಲ್ಲ," ಅಂದೆ.
"ಹಂಗಾರ ಬಿಡು. ಬಿಲ್ಲಿನ ನಮೂನೆ ಹಾರಿರ್ತೈತಿ.
ಡಿ ಡ್ರೈವಿನ್ಯಾಗ ನನ್ನ ಮದುವಿ ಅನ್ನೋ ಫೋಲ್ಡರ್ ಐತಿ,
ಅದರಾಗ ಇನ್ನೊಂದು ಪ್ರತಿ ಇಟ್ಟೀನಿ."
ಇತ್ತು. ಮದುವೆಯ ಒಂದು ಫೋಟೋ ಕೂಡ ಇರಲಿಲ್ಲ ಅದರಲ್ಲಿ.

ನಾಲ್ಕೂ ಹತ್ತಕ್ಕೆ ಮೊದಲ ಬಿಲ್ಲು ಸೋಲಾಪುರಕ್ಕೆ ಹೋಯಿತು.
ಮಸ್ತಾನ್‌ಬೀ ಜೇಬಿನ ಬಿಳಿ ಬಟ್ಟೆಯ ಚೂರು ತಂದಳು:
"ಇದರ ಮ್ಯಾಲೆ ಬರಿ, ಹಳದಿ ದಾರದಾಗ ಹೊಲೀತೀನಿ."
ರುದ್ರಮುನಿಯವರು ಆರುನೂರು ಎಣಿಸಿದರು,
ತಡೆದು, ಇನ್ನೊಂದು ನೂರು.
ಮೆಟ್ಟಿಲವರೆಗೂ ಬಂದರು, ಹಾಗೆ ಬರುವವರಲ್ಲ.
"ಅವನ ನಂಬರು ಹಳೇದೇ ಐತೇನು?"
"ಹಳೇದೇ ಐತ್ರಿ. ಕೊನೇ ಐದು ಹೇಳಲೇನ್ರಿ?"
"ಅಷ್ಟು ನನಗೂ ನೆನಪೈತಿ," ಅಂದರು,
"ಮೊದಲಿನ ಐದು ಹೇಳು."