ಇತರೆ ವೆಚ್ಚ

ನಮ್ಮ ಶಾಲೆಯ ಲೆಕ್ಕದ ಪುಸ್ತಕದಲ್ಲಿ
ಸೊಲೊಂಗೊಗೆಂದು ಒಂದು ಸಾಲಿರಲಿಲ್ಲ.
ಸೀಮೆಸುಣ್ಣ, ಪೊರಕೆ, ಒಡೆದ ಕಿಟಕಿಗೆ ಗಾಜು,
ಕಟ್ಟಕಡೆಗೆ 'ಇತರೆ'.
ಅದರೊಳಗೆ ಅವಳ ಎರಡು ಕೈ.

ಎರ್ಡೆನೆಟ್, ತಾಮ್ರದ ಗಣಿಯ ಊರು.
ನವೆಂಬರಿನಲ್ಲಿ ಬೆಳಗಿನ ಪಾಠಕ್ಕೆ ದೀಪ ಹಚ್ಚಬೇಕು,
ಬಿಟ್ಟ ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುತ್ತದೆ.
ಬಸ್ಸಿಳಿದು ಬಂದವಳು ಕೈಗವಸು ಕಳಚಿ
ಗೋಡೆಯ ಬಿಸಿನೀರಿನ ಕೊಳವೆಗೆ
ಬೆರಳೊತ್ತಿ ನಿಲ್ಲುತ್ತಿದ್ದಳು,
ನಾವು ಗಂಟಲು ಸರಿಮಾಡಿಕೊಳ್ಳುವ ಹಾಗೆ.

ತಾಸಿಗಿಷ್ಟು ಎಂದು ಕೂಲಿ; ಬಿಡುವಿಗೆ ಇಲ್ಲ.
ಗಂಟೆ ಹೊಡೆದೊಡನೆ ಸಂಬಳ ನಿಲ್ಲುತ್ತದೆ,
ಆರನೇ ತರಗತಿಯ ನೋಮೂನಳ ಮಾತು
ಶುರುವಾಗುವುದೇ ಆಗ:
ಸ್ಕೇಟು ಕದ್ದವರಾರು, ಆ ಹುಡುಗ ನಕ್ಕದ್ದೇಕೆ,
ಅವಳ ಜೊತೆ ನಾನೂ ಕೂರಲೇ, ಕೇಳು, ಕೇಳಿ ಹೇಳು.
ಎಲ್ಲವನ್ನೂ ಕೇಳಿ ಹೇಳುತ್ತಿದ್ದಳು.
ಕೈ ಕೆಸರಾದರೆ ಬಾಯಿ ಮೊಸರಂತೆ;
ಕೈಯೇ ಬಾಯಾದವಳಿಗೆ ಏನು?

ನಾನು ಭೌತಶಾಸ್ತ್ರದವನು,
ಹಲಗೆಗೆ ಮುಖಮಾಡಿ ಗೊಣಗುವವನು.
ಶಬ್ದದ ಅಲೆಗಳ ಪಾಠದ ದಿನ
ಇಪ್ಪತ್ತೊಂಬತ್ತು ಮಕ್ಕಳೂ ನನ್ನನ್ನು ಬಿಟ್ಟು
ಅವಳನ್ನೇ ನೋಡುತ್ತಿದ್ದರು.
ಅಲೆ ಅವಳ ಮೊಣಕೈಯಲ್ಲಿ ಹುಟ್ಟಿ
ಮಣಿಕಟ್ಟಿನಲ್ಲಿ ತಿರುಗಿ
ಬೆರಳ ತುದಿಗೆ ಬಂದು ದಣಿದು ಅಳಿಯಿತು.
ನನ್ನ ಚಿತ್ರ ಹಲಗೆಯ ಮೇಲೆ
ಸುಣ್ಣದ ಹುಳುವಿನಂತೆ ಬಿದ್ದಿತ್ತು.
ನನಗೆ ಸಿಟ್ಟೂ ಬಂತು, ಸುಳ್ಳೇಕೆ.

ಹೊರದೇಶದ ಸಂಸ್ಥೆಯದು, ಎರಡು ವರ್ಷದ ಯೋಜನೆ.
ಡಿಸೆಂಬರಿಗೆ ಹಣ ಮುಗಿಯುತ್ತದೆ,
ಬಾಗಿಲ ಮೇಲೆ ಅವರ ಹೊಳೆಯುವ ಫಲಕ ಉಳಿಯುತ್ತದೆ.

ಸಭೆಗೆ ನೋಮೂನಳ ಅಪ್ಪ ಚೊಯ್ಜಿಲ್ ಬಂದಿದ್ದ,
ಕಿವಿ ಕೇಳದವನು, ಕಂಬಳಿ ಕಾರ್ಖಾನೆಯ ನೇಕಾರ.
ತೋಳಿನ ಮೇಲೆಲ್ಲ ಉಣ್ಣೆಯ ಎಳೆ.
ಅವನಿಗೆ ನಮ್ಮ ಮಾತು ತಲುಪಿಸಲು
ಸೊಲೊಂಗೊ ಬಿಟ್ಟರೆ ಯಾರಿದ್ದಾರೆ?
ಅವಳ ಕಸುಬಿನ ಕಟ್ಟಳೆ ಒಂದೇ:
ಆಡಿದವರ 'ನಾನು' ಅವಳ ಕೈಯಲ್ಲೂ 'ನಾನು'.

"ನನ್ನ ಹತ್ತಿರ ಹಣವಿಲ್ಲ," ಎಂದಳು ಲೆಕ್ಕದ ದುಲಮ್ಸುರೆನ್.
ಸೊಲೊಂಗೊ ತನ್ನೆದೆಗೆ ಬೆರಳಿಟ್ಟಳು:
ನನ್ನ ಹತ್ತಿರ ಹಣವಿಲ್ಲ.
"ನಾನೇನು ಮಾಡಲಿ, ನನ್ನ ಮೇಲೂ ಜನರಿದ್ದಾರೆ."
ಅದೇ ಬೆರಳು, ಅದೇ ಎದೆ.
"ಜನವರಿಯಿಂದ ಇವಳನ್ನು ಇಟ್ಟುಕೊಳ್ಳಲಾಗದು."
ಬೆರಳು ಗಾಳಿಯಲ್ಲಿ ತಡೆಯಿತು.
'ಇವಳು' ಎಂದರೆ ಎತ್ತ ತೋರಿಸುವುದು?
ಆಮೇಲೆ ಮೆಲ್ಲಗೆ ಮತ್ತೆ
ತನ್ನೆದೆಗೇ.

ಚೊಯ್ಜಿಲ್ ಹುಬ್ಬು ಗಂಟಿಕ್ಕಿದ. ಕೈಯಾಡಿಸಿ ಕೇಳಿದ.
ಅದನ್ನೂ ಅವಳು ನಮಗೆ ದನಿಯಲ್ಲಿ ಹೇಳಬೇಕಾಯಿತು:
"ಈ ಮಾತು ಯಾರದು? ಅವರದೋ, ನಿನ್ನದೋ?"
ಯಾರೂ ಉತ್ತರ ಕೊಡಲಿಲ್ಲ.
ಅದನ್ನೂ ಅನುವಾದಿಸಿದಳು:
ಎರಡೂ ಕೈ ಮಡಿಲಲ್ಲಿಟ್ಟು ಕೂತಳು.

ಒಪ್ಪಿಗೆ ಇರುವವರು ಕೈಯೆತ್ತಿ, ಎಂದರು ಮುಖ್ಯೋಪಾಧ್ಯಾಯರು.
ಕೈಯೆತ್ತಿ ಅವಳನ್ನು ಕೈಬಿಟ್ಟೆವು.
ನಾನು ಅರ್ಧವೇ ಎತ್ತಿದ್ದೆ.
ಪೂರ್ತಿ ಎಂದೇ ಎಣಿಸಿದರು.

ಈಗ ಅವಳು ಸಂತೆಕಟ್ಟೆಯ ಕುರಿಮಾಂಸದ ಅಂಗಡಿಯಲ್ಲಿದ್ದಾಳೆ,
ದಿನವಿಡೀ ಕೈಗವಸು ಹಾಕಿಕೊಂಡೇ.
ಸಂಬಳ ಇಲ್ಲಿಗಿಂತ ಮೇಲಂತೆ.

ಸೋಮವಾರ ಬೆಳಕಿನ ಪಾಠ.
ಮೊದಲ ಸಾಲಿನ ಪಕ್ಕದ ಮುಕ್ಕಾಲುಪೀಠ
ಯಾರೂ ಎತ್ತಿಡದೆ ಹಾಗೇ ಇತ್ತು.
ನಾನು ಹಲಗೆ ಬಿಟ್ಟು ತಿರುಗಿ ನಿಂತೆ,
ತುಟಿ ಅಗಲಿಸಿ ಮಾತಾಡಿದೆ, ಕೋಡಂಗಿಯ ಹಾಗೆ.
ನೋಮೂನ್ ಕೈಯೆತ್ತಿ ಏನೋ ಕೇಳಿದಳು,
ಉದ್ದದ ಪ್ರಶ್ನೆ, ನಡುವೆ ಒಂದು ನಗೆಯೂ ಇತ್ತು.

ಎರಡು ವರ್ಷ ಅವಳೊಡನೆ ಒಂದೇ ಕೋಣೆಯಲ್ಲಿದ್ದು
ನಾನು ಕಲಿತದ್ದು ಒಂದೇ ಸನ್ನೆ: ತಾಳು.
ಅದನ್ನೇ ಮಾಡಿದೆ.

ಹುಡುಗಿ ಕೈಯಿಳಿಸಿ
ಕಾಯುತ್ತ ಕೂತಳು.