ಖಾಲಿ ನೀರು

ಮೊದಲು ಖಾಲಿ ನೀರು ಇಡಬೇಕು.
ಏನೂ ಇಲ್ಲದ ನೀರು, ಎರಡು ಹನಿ ಆ್ಯಸಿಡ್, ಅಷ್ಟೇ.
ಅದು ಸೊನ್ನೆ ಅಂದಮ್ಯಾಲೇ
ಉಳಿದದ್ದಕ್ಕ ಮಾತಾಡೋ ಹಕ್ಕು.
ಮಡಿವಾಳಪ್ಪ ಸರ್ ಕಲಿಸಿದ್ದು ಹಿಂಗ:
'ಏನದ ಅಂತ ಕೇಳೂದಕ್ಕ ಮೊದಲು
ಏನಿಲ್ಲ ಅನ್ನೂದು ಕಲೀರಿ.'

ಆಮ್ಯಾಲೆ ಬರ್ತಾವ ಸಾಲಾಗಿ, ಚೀಟಿ ಹಚ್ಚಿಕೊಂಡು:
ಚಿತ್ತಾಪುರದ ಬೋರಿನ ನೀರು,
ಆಳಂದದ ತೊಗರಿಬ್ಯಾಳಿ, ಸುಟ್ಟು ಬೂದಿಯಾಗಿ,
ಶಹಾಬಾದ ಫರಸಿಯ ಪುಡಿ,
ಸೇಡಂ ಕಡಿಂದ ಯಾರದೋ ಗ್ವಾಡಿಗೆ ಕೂತ ಧೂಳು,
ಬೀದರದವರು ಕಳಿಸಿದ ಕರಿ ಹೂಜಿಯ ಚೂರು:
'ಸತು ಎಷ್ಟು, ತಾಮ್ರ ಎಷ್ಟು, ಹೇಳ್ರಿ.
ಮಣ್ಣಿನ ಗುಟ್ಟು ಕೇಳಬ್ಯಾಡ್ರಿ.'

ಉರಿಯೊಳಗ ಹೋಗೂಮುಂದ ಎಲ್ಲಾ ಒಂದೇ,
ಎಲ್ಲಾ ತಿಳಿನೀರು.
ಸಣ್ಣ ನಳಿಗಿ ಗುಟುಕರಿಸ್ತದ, ನೀಲಿ ಉರಿ ಸುಯ್ ಅಂತದ.
ಸೀಸಕ್ಕ ಸೀಸದ್ದೇ ದೀಪ, ಸತುವಿಗೆ ಸತುವಿಂದು.
ಉರಿಯೊಳಗಿನ ಸೀಸ
ಸೀಸದ ದೀಪದ ಬೆಳಕಷ್ಟೇ ನುಂಗ್ತದ,
ಮಂದಿ ಬೆಳಕು ಮುಟ್ಟಂಗಿಲ್ಲ.
ಎಷ್ಟು ಬೆಳಕು ಕಮ್ಮಿ ಬಿತ್ತೋ ಅಷ್ಟು ಸೀಸ.
ಕತ್ತಲ ಅಳೀತೀವಿ ನಾವು, ಖರೆ ಹೇಳಬೇಕಂದ್ರ.

ಮೇ ತಿಂಗಳು. ನಲವತ್ತಮೂರು ಡಿಗ್ರಿ. ಏಸಿ ಕೈಕೊಟ್ಟಿತ್ತು.
ಹಣಿ ಬೆವರು ಎಲ್ಲಿ ಸಿಡೀತೋ,
ಉರಿ ಹಳದಿಯಾಗಿ ಅರೆಗಳಿಗಿ ನಕ್ಕಿತು: ಉಪ್ಪು.
ಅದಲ್ಲ ನಾ ಹೇಳಬೇಕಂದದ್ದು.
ಆ ದಿನ ಖಾಲಿ ನೀರಿನ್ಯಾಗ ಸೀಸ ಬಂತು.

ಮತ್ತ ಇಟ್ಟೆ. ಮತ್ತ ಬಂತು.
ಆ್ಯಸಿಡ್ ಬಾಟ್ಲಿ ಬದಲಿಸಿದೆ, ಶೀಸೆ ಮೂರು ಸಲ ತೊಳೆದೆ.
ರೇವಣ್ಣ ನೀರು ಭಟ್ಟಿ ಇಳಿಸೋ ಯಂತ್ರ ಬಿಚ್ಚಿದ,
ರಿಂಗ್ ರೋಡಿನ ಲಾರಿಗಳನ್ನ ಬೈದ, ಹಳೇ ನಳ ಬೈದ,
ಕಡೀಕ ಕಂಪನಿಯವರಿಗೇ ಫೋನ್ ಹಚ್ಚಿದ.
ಸರ್ ಮಾತ್ರ ಕನ್ನಡಕ ತೆಗೆದು
ನನ್ನ ಮಾರಿ ನೋಡಿದರು.
'ಕಣ್ಣು ಉಜ್ಕೊಂಡಿಯೇನವ್ವಾ?'

ಉಜ್ಜಿಕೊಂಡಿದ್ದೆ, ಬೆವರಿಗೆ, ಕೈಗವಸು ಬಿಚ್ಚಿ.

ಟಿಶ್ಯೂ ತುದಿ ಕಣ್ಣಂಚಿಗೆ ಹಚ್ಚಿದೆ. ಕರಿ ಗೆರಿ.
ಆ್ಯಸಿಡಿನೊಳಗ ಕಾಸಿದೆ. ಕರೀದು ಕರಗಿ ತಿಳಿಯಾಯ್ತು.
ಇನ್ನೂರಾ ಎಂಬತ್ತಮೂರು ದಶಾಂಶ ಮೂರು.
ಅಂಕಿ ಏರಿತು, ನಾವು ಎಳೆದ ರೇಖಿ ದಾಟಿ ಹೋಯ್ತು.
ಹತ್ತುಪಟ್ಟು ನೀರು ಬೆರೆಸಿದೆ, ಆದರೂ ದಾಟಿತು.
ನೂರುಪಟ್ಟಿಗೆ ನಿಂತಿತು.

ನಾನಿಯ ಕಲ್ಲು ಅದು. ಹಜ್ಜಿಗೆ ಹೋದ ಯಾರೋ ತಂದ ಮಿಂಚುಗಲ್ಲು.
ಗುಲಾಬಿ ನೀರು ಹನಿಸಿ ನಲವತ್ತು ದಿನ ಅರೀತಿದ್ದಳು
ನನ್ನ ಅಮ್ಮಿಯ ಕಣ್ಣಿಗೆ, ನನ್ನ ಕಣ್ಣಿಗೆ.
ಎಂಬತ್ತಾರಾದರೂ ಆಕಿ
ಸೂಜಿಗೆ ತಾನೇ ದಾರ ಪೋಣಿಸ್ತಾಳ.
ಇದನ್ನೂ ಬರೀಬೇಕಲ್ಲ ಎಲ್ಲ್ಯಾರೆ? ಯಾವ ಕಾಲಮಿನ್ಯಾಗ?

ಸಂಜಿಗೆ ಮೋಮಿನಪುರದ ಓಣಿ. ಕರೆಂಟ್ ಹೋಗಿತ್ತು.
ಕಟ್ಟಿಮ್ಯಾಲೆ ನಾನಿ, ಆಕಿ ತೊಡಿಮ್ಯಾಲೆ ನನ್ನ ಮುನೀರಾ,
ಜಳಕ ಮಾಡಿ, ಮಾರಿ ಮ್ಯಾಲೆತ್ತಿ,
ಕಣ್ಣು ಅರ್ಧ ಮುಚ್ಚಿ ಕಾಯ್ತಿದ್ದಳು.
ಹಿತ್ತಾಳಿ ಸಲಾಯಿ ಡಬ್ಬ್ಯಾಗ ಅದ್ದಿ ಮ್ಯಾಲೆದ್ದಿತ್ತು.
ಆ ಕೈ ಒಂಚೂರೂ ನಡುಗಂಗಿಲ್ಲ.

ನಾನು ಆ ಕೈ ಹಿಡಿದೆ.
'ಯಾಕ?' ಅಂದಳು.
ಚೀಲದಾಗ ಹಾಳಿ ಇತ್ತು, ಓದಲಿಕ್ಕ ಬೆಳಕಿರಲಿಲ್ಲ.
'ಇವತ್ತ ಖಾಲಿ ಇರ್ಲಿ, ನಾನೀ,' ಅಂದೆ.
'ಒಂದ್ ದಿನ.'