ಸಾವಿರಕ್ಕೆ ಎರಡು

ಕಪ್ಪು ತಟ್ಟೆಯ ಮೇಲೆ ಅಕ್ಕಿ ಹರವುತ್ತೇನೆ.
ಬಿಳಿಯದನ್ನು ಕಾಣಲು ಕಪ್ಪೇ ಬೇಕು,
ಮಾವ ಹೇಳಿಕೊಟ್ಟ ಮೊದಲ ಪಾಠ ಇದು,
ತೊಯಾಮಾ ಕೊಲ್ಲಿಯ ದಂಡೆಯ ಈ ಅಕ್ಕಿಯಂಗಡಿಗೆ
ನಾನು ಸೊಸೆಯಾಗಿ ಬಂದ ವರ್ಷ.

ಅನ್ನ ಬೆಂದಿತೋ ಎಂದು ತಿಳಿಯಲು
ಒಂದಗುಳು ಹಿಸುಕಿದರೆ ಸಾಕು.
ಬೇಸಿಗೆ ಎಷ್ಟು ಬೇಯಿಸಿತು ಎಂದು ತಿಳಿಯಲು
ಸಾವಿರ ಕಾಳು ಎಣಿಸಬೇಕು.

ಒಳ್ಳೆಯ ಕಾಳು ಗಾಜಿನ ಹಾಗೆ,
ಬೆಳಕು ಒಳಹೊಕ್ಕು ಆಚೆ ಬರುತ್ತದೆ.
ಈ ಸಲದ್ದು ಸುಣ್ಣ.
ತೆನೆ ಹಾಲು ತುಂಬಿಕೊಳ್ಳುವ ರಾತ್ರಿಗಳಲ್ಲಿ
ಸೆಕೆ ಇಳಿಯಲೇ ಇಲ್ಲ,
ಪೈರಿಗೆ ನಿದ್ದೆ ಹತ್ತಲಿಲ್ಲ ಎನ್ನುತ್ತಾರೆ ಇಸುರುಗಿ.
ಹಾಲು ಅರ್ಧಕ್ಕೇ ನಿಂತು
ಹೊಟ್ಟೆಯಲ್ಲಿ ಗಾಳಿ ಉಳಿದ ಬಿಳುಪು ಅದು.
ಬೆಳ್ಳಗಿರುವುದೆಲ್ಲ ಹಾಲಲ್ಲ, ಅಷ್ಟು ಬಲ್ಲೆ.
ಹಾಲೇ ಸುಣ್ಣವಾಗುವುದನ್ನು ಕಂಡದ್ದು ಈಗ.

ಆಮೇಲೆ ಚುಕ್ಕೆ.
ತಿಗಣೆ ಕುಲದ ಒಂದು ಸಣ್ಣ ಹುಳ.
ಮೊದಲೆಲ್ಲ ಚಳಿಗೇ ಅರ್ಧ ಸಾಯುತ್ತಿದ್ದವು,
ಈಗ ಹಿಮ ಬಂದರೂ ನೆಂಟರ ಹಾಗೆ, ಎರಡು ದಿನ.
ಎಳೆಗಾಳಿಗೆ ಮೂತಿ ಚುಚ್ಚಿ
ಗುಟುಕು ಹೀರಿ ಹೋದ ಜಾಗ, ಸಾಸಿವೆಗಿಂತ ಚಿಕ್ಕದು, ಕಪ್ಪು.
ಸಾವಿರಕ್ಕೆ ಒಂದಿದ್ದರೆ ಮೊದಲ ದರ್ಜೆ.
ಎರಡಾದರೆ ಎರಡನೆಯದು.
ಆ ಎರಡನೆಯ ಕಾಳಿನ ಹೆದರಿಕೆಗೆ
ಇಡೀ ಕಣಿವೆಯ ಮೇಲೆ ಡ್ರೋನುಗಳು ಔಷಧಿ ಹೊಡೆದವು,
ಇಸುರುಗಿಯ ಮೂರು ಗದ್ದೆ ಬಿಟ್ಟು.

ನರ್ಸ್ ಮಿನೊವಾ ಬಂದಳು, ರಾತ್ರಿ ಪಾಳಿ ಮುಗಿಸಿ,
ಸೈಕಲ್ಲಿನ ಬುಟ್ಟಿಯಲ್ಲಿ ಮೂಲಂಗಿ.
ಸಾವಯವ ಬೇಕು, ಚುಕ್ಕೆ ಇರಬಾರದು ಎಂದಳು.
ವಿಷವೂ ಬೇಡ, ಮಚ್ಚೆಯೂ ಬೇಡ.
ನಾನು ನಗಲಿಲ್ಲ. ಸೇಬು ಕೊಳ್ಳುವಾಗ
ನಾನೂ ಹೊರಳಿಸಿ ಹೊರಳಿಸಿ ನೋಡುವವಳೇ.

ಮತ್ತೆ ಕೇಳಿದಳು, ತುಸು ಸಂಕೋಚದಿಂದ:
ನೀರು ನಿಂತ ಗದ್ದೆಯಿಂದ ಮೀಥೇನ್ ಏಳುತ್ತದಂತೆ,
ಗೊಬ್ಬರ ಹುಲ್ಲು ಕೊಳೆಸಿದಲ್ಲಿ ಇನ್ನೂ ಹೆಚ್ಚಂತೆ, ನಿಜವೇ?

ಚೀಲ ಇಳಿಸುತ್ತಿದ್ದ ಇಸುರುಗಿ ಕೈ ಒರೆಸಿಕೊಂಡರು.
ನಿಜ. ಕಾಲಿಟ್ಟರೆ ಬುಳುಬುಳು ಗುಳ್ಳೆ.
ನಡುಬೇಸಿಗೆಯಲ್ಲಿ ನೀರು ಬಸಿದು
ನೆಲ ಬಿರಿಯುವಷ್ಟು ಆರಿಸಿದರೆ ಗುಳ್ಳೆ ನಿಲ್ಲುತ್ತದೆ.
ಇನ್ನೊಂದು ವಾರ ಆರಿಸಿದರೆ
ಗೊದಮೊಟ್ಟೆಗಳೂ ನಿಲ್ಲುತ್ತವೆ.

ನಿಮ್ಮ ಚೀಲದ ಮೇಲೆ ಕಪ್ಪೆಯ ಚಿತ್ರವಿದೆಯಲ್ಲ?

ಅದಕ್ಕೇ ಬದುವಿನ ಪಕ್ಕ ಕಾಲುವೆ ತೋಡಿದೆ, ಮೊಣಕಾಲಾಳ.
ಕೆಲವು ಅಲ್ಲಿಗೆ ತಲುಪಿದವು.

ಎಷ್ಟು?

ಎಣಿಸಲಿಲ್ಲ.

ಅಂಗಡಿಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ.
ಎರಡು ಚೀಲ ಎದುರಿಗೆ, ನಡುವೆ ಒಂಬೈನೂರು ಯೆನ್.
ಯಾವುದು ಒಳ್ಳೆಯದು ಎಂದು ಅವಳು ನನ್ನ ಮುಖ ನೋಡಿದಳು.
ನಲವತ್ತು ವರ್ಷ ಅಕ್ಕಿ ಮಾರಿದವಳು
ತಕ್ಕಡಿಯ ಕಡೆ ನೋಡಿದೆ.
ಕೊನೆಗೆ ಕಪ್ಪೆಯ ಚೀಲವನ್ನೇ ಎತ್ತಿಕೊಂಡಳು, ಚಿಕ್ಕದನ್ನು, ಎರಡು ಕಿಲೋದ್ದು.
ಚುಕ್ಕೆಯನ್ನು ನಾನೇ ಆರಿಸಿಕೊಳ್ಳುತ್ತೇನೆ,
ಹೇಗೂ ಹಗಲು ನಿದ್ದೆ ಬರುವುದಿಲ್ಲ.

ಸಂಜೆ ನನ್ನ ಪಾಲಿನ ಸುಣ್ಣದಕ್ಕಿ ತೊಳೆದೆ.
ಉಜ್ಜಿದರೆ ನುಚ್ಚಾಗುತ್ತದೆ,
ಜ್ವರದ ಮಗುವಿನ ತಲೆ ತೊಳೆದ ಹಾಗೆ ತೊಳೆಯಬೇಕು.
ನೀರು ಒಂದು ಗೆರೆ ಕಡಿಮೆ.
ಅಕ್ಕಿ ಆರಿಸಿಯಾಯಿತು, ಪಾತ್ರೆ ಆರಿತು,
ಗಂಟೆ ಹತ್ತಾದರೂ ಸೆಪ್ಟೆಂಬರಿನ ರಾತ್ರಿ ಮಾತ್ರ ಆರಿಲ್ಲ.

ಇಸುರುಗಿ ಹೊರಡುವ ಮುಂಚೆ ನಡೆದದ್ದು ಇಷ್ಟು:
ಕಪ್ಪು ತಟ್ಟೆಯ ಅಂಚಿಗೆ ನಾನು ಸರಿಸಿಟ್ಟಿದ್ದ
ಚುಕ್ಕೆಯ ಎರಡು ಕಾಳುಗಳನ್ನು
ಒದ್ದೆ ಬೆರಳಿಗೆ ಅಂಟಿಸಿ ಬಾಯಿಗೆ ಹಾಕಿಕೊಂಡರು.
ಮುಂದಿನ ಹಲ್ಲಿನಲ್ಲಿ ಕಡಿದರು, ನಿಧಾನ.
ಹುಳ ತಪ್ಪು ಆರಿಸಿಲ್ಲ, ಎಂದರು.